ಫೋಟೊದಲ್ಲಿ ಬದಲಿಸಿದ ಬಟ್ಟೆ ನಿಜದ್ದೇ ಅನ್ನಿಸಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೊ ತಿದ್ದುವ ಕೆಲಸ ಕಲಿಯುತ್ತಿರುವವರು, ಕಲಿತು ನಡುವೆ ಸಿಕ್ಕಿಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಮೆನುಗಳ ಹೆಸರು ಹೇಳುವಾಗ ನನ್ನ ಕಣ್ಣಮುಂದಿರುವುದು ಫೋಟೊಶಾಪ್. ಬೇರೆ ತಂತ್ರಾಂಶದಲ್ಲಿ ಹೆಸರು ಬೇರೆ ಇದ್ದೀತು, ಕೆಲಸ ಅದೇ.

## ಶುರುವಿನ ಪ್ರಶ್ನೆಗಳು

ನೀಟಾಗಿ ಕಟ್ ಮಾಡಿ ಹಾಕಿದ್ರೂ ಬಟ್ಟೆ ಅಂಟಿಸಿದ ಹಾಗೇ ಕಾಣುತ್ತೆ. ಏನು ತಪ್ಪಾಗ್ತಿದೆ?

ಬಹಳ ಸಲ ತಪ್ಪು ಬಟ್ಟೆಯಲ್ಲಿ ಇರುವುದೇ ಇಲ್ಲ, ಬಟ್ಟೆಯ ಪಕ್ಕದ ಚರ್ಮದಲ್ಲಿ ಇರುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮದೇ ಅಂಗಿಯ ಕಾಲರ್ ನೋಡಿಕೊಳ್ಳಿ. ಕಾಲರ್ ಕತ್ತಿಗೆ ತಾಗುವ ಕಡೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇದೆ, ಅಲ್ಲಿಗೆ ಬೆಳಕು ನುಗ್ಗುವುದೇ ಇಲ್ಲ. ಅದರಾಚೆ ಬೆರಳಗಲದ ಮೆತ್ತನೆಯ ನೆರಳು ಚರ್ಮದ ಮೇಲೆ ಹರಡಿ ಕರಗಿಹೋಗುತ್ತದೆ. ತೋಳಿನ ತುದಿ ಮುಂಗೈ ಮೇಲೆ ಕೂರುವ ಕಡೆಯೂ ಇದೇ ಜೋಡಿ: ಒಂದು ಗಟ್ಟಿ ಗೆರೆ, ಒಂದು ಮೆತ್ತನೆಯ ನೆರಳು. ಇವೆರಡೂ ಇಲ್ಲದಿದ್ದರೆ ಬಟ್ಟೆ ಮೈಮೇಲೆ ಕೂತಿದೆ ಎಂದು ಕಣ್ಣು ಒಪ್ಪುವುದಿಲ್ಲ. ಅಂಚು ಎಷ್ಟೇ ನಾಜೂಕಾಗಿ ಕತ್ತರಿಸಿದ್ದರೂ ಅಷ್ಟೇ.

ಮಾಡುವ ಬಗೆ: ಬಟ್ಟೆಯ ಲೇಯರ್ (ಒಂದರ ಮೇಲೊಂದು ಇಡುವ ಪದರ) ಕೆಳಗೆ ಹೊಸದೊಂದು ಲೇಯರ್ ಹಾಕಿ, ಕೆಳಗಿನದನ್ನು ಕಪ್ಪಾಗಿಸುವ ಮಲ್ಟಿಪ್ಲೈ ಮೋಡ್‌ಗೆ ತನ್ನಿ. ಬಣ್ಣಕ್ಕೆ ಕಪ್ಪು ಬೇಡ. ಕಪ್ಪು ಹಚ್ಚಿದ ಚರ್ಮ ಬೂದಿ ಮೆತ್ತಿದಂತೆ ಕಾಣುತ್ತದೆ. ಅದೇ ಮುಖದಲ್ಲಿ ಗಲ್ಲದ ಕೆಳಗೋ ಕಿವಿಯ ಹಿಂದೆಯೋ ಇರುವ ನೆರಳಿನ ಬಣ್ಣವನ್ನು ಐಡ್ರಾಪರ್‌ನಿಂದ ಎತ್ತಿಕೊಳ್ಳಿ. ಮೊದಲು ಎರಡು ಮೂರು ಪಿಕ್ಸೆಲ್ ಬ್ರಷ್‌ನಲ್ಲಿ ಅಂಚಿನ ಗೆರೆ, ಆಮೇಲೆ ಅಗಲದ ಮೃದು ಬ್ರಷ್‌ನಲ್ಲಿ ಫ್ಲೋ (ಬ್ರಷ್‌ನಿಂದ ಬಣ್ಣ ಇಳಿಯುವ ವೇಗ) ಶೇಕಡಾ 10ರ ಆಸುಪಾಸಿಗಿಟ್ಟು ನಿಧಾನವಾಗಿ ನೆರಳು. ನಾನು ಈಗ ಬಟ್ಟೆಯ ಬಣ್ಣ ಮುಟ್ಟುವ ಮೊದಲೇ ಈ ನೆರಳು ಮುಗಿಸುತ್ತೇನೆ. ನೆರಳು ಕೂತ ಮೇಲೆ ಬಣ್ಣದ ಸಣ್ಣಪುಟ್ಟ ತಪ್ಪನ್ನು ಕಣ್ಣು ಕ್ಷಮಿಸುತ್ತದೆ. ನೆರಳಿಲ್ಲದ ಸರಿಯಾದ ಬಣ್ಣವನ್ನು ಮಾತ್ರ ಕ್ಷಮಿಸುವುದಿಲ್ಲ.

ಇದಕ್ಕೆ ಫೋಟೊಶಾಪೇ ಬೇಕಾ? ಗಿಂಪ್‌ನಲ್ಲಿ ಆಗಲ್ವಾ?

ಆಗುತ್ತದೆ. ಲೇಯರ್, ಮಾಸ್ಕ್ (ಲೇಯರ್‌ನ ಬೇಡದ ಭಾಗ ಮರೆಮಾಡುವುದು), ಬ್ಲೆಂಡ್ ಮೋಡ್ (ಲೇಯರ್ ಕೆಳಗಿನದರೊಂದಿಗೆ ಬೆರೆಯುವ ಬಗೆ), ಕರ್ವ್ಸ್ (ಬೆಳಕು, ಬಣ್ಣ ಏರಿಳಿಸುವುದು), ಬಾಗಿಸುವ ಸಾಧನ ಈ ಐದು ಇದ್ದರೆ ಸಾಕು. ಗಿಂಪ್, ಕ್ರಿಟಾ, ಅಫಿನಿಟಿ, ಫೋಟೊಪಿಯಾ ಎಲ್ಲದರಲ್ಲೂ ಇವೆ. ಗಿಂಪ್ 2025ರಲ್ಲಿ ಬಂದ 3.0 ಆವೃತ್ತಿಯಿಂದ ಫಿಲ್ಟರ್‌ಗಳನ್ನು ಮೂಲ ಚಿತ್ರ ಕೆಡದಂತೆ ಹಾಕಿ ಬೇಕಾದಾಗ ತಿದ್ದಬಹುದು. ಹಳೆಯ ಆವೃತ್ತಿಯಲ್ಲಿ ಈ ಸೌಕರ್ಯ ಇರಲಿಲ್ಲ.

ಬಟ್ಟೆ ಸೆಲೆಕ್ಟ್ ಮಾಡೋದರಲ್ಲೇ ಅರ್ಧ ದಿನ ಹೋಗುತ್ತೆ. ಶಾರ್ಟ್‌ಕಟ್ ಇದೆಯಾ?

ಆಯ್ಕೆಯ ಬಹುಭಾಗವನ್ನು ಆಬ್ಜೆಕ್ಟ್ ಸೆಲೆಕ್ಷನ್ ಸಾಧನವೇ ಮಾಡಿಕೊಡುತ್ತದೆ. ಉಳಿದ ಅಂಚಿಗೆ ಸಮಯ ಕೊಡಿ. ಅಂಗಿ ಹಿನ್ನೆಲೆಗೆ ತಾಗುವ ನೇರ ಅಂಚುಗಳಿಗೆ ಪೆನ್ ಟೂಲ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕೂದಲು ಕಾಲರ್ ಮೇಲೆ ಇಳಿಬಿದ್ದಿದ್ದರೆ ಸೆಲೆಕ್ಟ್ ಆಂಡ್ ಮಾಸ್ಕ್ ಬಳಸಿ, ತಪ್ಪಿಹೋದ ನಾಲ್ಕಾರು ಎಳೆಗಳನ್ನು ಒಂದು ಪಿಕ್ಸೆಲ್ ಬ್ರಷ್‌ನಲ್ಲಿ ಕೈಯಾರೆ ಬಿಡಿಸಿ.

ಇಡೀ ಅಂಚಿಗೆ ಒಂದೇ ಫೆದರ್ (ಅಂಚಿನ ಮಸುಕು) ಕೊಡುವ ಅಭ್ಯಾಸ ಬಿಡಿ. ಕ್ಯಾಮೆರಾಕ್ಕೆ ಹತ್ತಿರದ ಭುಜ ಫೋಕಸ್‌ನಲ್ಲಿದ್ದರೆ ಅದರ ಅಂಚು ಚೂಪು. ಹಿಂದಿನ ಭುಜ ಮಸುಕಾಗಿದ್ದರೆ ಅದರ ಅಂಚೂ ಮಸುಕು. ಮಾಸ್ಕ್ ಮೇಲೆ ಬ್ಲರ್ ಟೂಲ್ ಹಿಡಿದು ಅಂಚಿನುದ್ದಕ್ಕೂ ಸಾಗುತ್ತ ಜಾಗಕ್ಕೆ ತಕ್ಕಷ್ಟು ಮೆತ್ತಗೆ ಮಾಡಿ.

ಯಾವ ತರಹದ ಫೋಟೊ ಇದ್ದರೆ ಕೆಲಸ ಸುಲಭ?

ಬಟ್ಟೆಯ ಬೆಳಕಿನ ಭಾಗ ಪೂರ್ತಿ ಬಿಳಿಯಾಗಿ ಸುಟ್ಟುಹೋಗಿರಬಾರದು, ನೆರಳಿನ ಭಾಗ ಪೂರ್ತಿ ಕಪ್ಪಾಗಿ ಮುಳುಗಿರಬಾರದು. ಮಡಿಕೆಯ ಮಾಹಿತಿ ಇವೆರಡರ ನಡುವೆಯೇ ಇರುವುದು. ಸಾಧ್ಯವಿದ್ದರೆ ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಉಳಿಸಿದ ಮೂಲ ಮಾಹಿತಿ) ಕೇಳಿ ಪಡೆಯಿರಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದ ಫೋಟೊ ಕುಗ್ಗಿ, ನೇಯ್ಗೆ ಅಳಿಸಿ, ಚೌಕ ಚೌಕದ ಕಲೆಗಳೊಂದಿಗೆ ಬರುತ್ತದೆ. ಅದರ ಮೇಲೆ ಎಷ್ಟು ಹೊತ್ತು ಕೂತರೂ ನೇಯ್ಗೆ ಮರಳಿ ಬಾರದು.

## ಬಣ್ಣ ಬದಲಿಸುವಾಗ

ಹ್ಯೂ ಸ್ಲೈಡರ್ ಎಳೆದರೆ ಬಟ್ಟೆ ಪ್ಲಾಸ್ಟಿಕ್ ಥರ ಆಗುತ್ತೆ. ಯಾಕೆ ಹಾಗೆ?

ಹ್ಯೂ ಸ್ಲೈಡರ್ ಬಣ್ಣದ ಚಕ್ರವನ್ನಷ್ಟೇ ತಿರುಗಿಸುತ್ತದೆ. ಆದರೆ ಪ್ರತಿ ಬಣ್ಣಕ್ಕೂ ಅದರದೇ ತೂಕವಿದೆ. ಗಾಢ ಹಳದಿ ಕಣ್ಣಿಗೆ ಹಗುರ, ಬೆಳ್ಳಗೆ. ಅಷ್ಟೇ ಗಾಢವಾದ ನೀಲಿ ಕತ್ತಲೆಗೆ ಹತ್ತಿರ. ಹಳದಿ ಅಂಗಿಯ ಬೆಳಕನ್ನು ಹಾಗೇ ಇಟ್ಟು ಬಣ್ಣ ಮಾತ್ರ ನೀಲಿ ಮಾಡಿದರೆ, ಒಳಗಿಂದ ದೀಪ ಹಚ್ಚಿದ ಹಾಗೆ ಕಾಣುವ ನೀಲಿ ಸಿಗುತ್ತದೆ. ಹೊಸ ಬಣ್ಣ ಬಂದ ಮೇಲೆ ಕರ್ವ್ಸ್ ಹಾಕಿ ಅದರ ಬೆಳಕನ್ನೂ ತಗ್ಗಿಸಲೇಬೇಕು.

ಇನ್ನೊಂದು ವಿಷಯ: ನಿಜವಾದ ಬಟ್ಟೆಯಲ್ಲಿ ಬಣ್ಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಳದಿ ಬಟ್ಟೆಯ ಮಡಿಕೆಯೊಳಗೆ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು ಕಿತ್ತಳೆ ಕಡೆಗೆ ವಾಲುತ್ತದೆ, ಬಣ್ಣ ಅಲ್ಲಿ ಇನ್ನಷ್ಟು ಗಾಢ. ಹೊಳಪು ಬಿದ್ದ ಕಡೆ ಬಟ್ಟೆಯ ಬಣ್ಣ ತೆಳುವಾಗಿ, ದೀಪದ ಬಣ್ಣ ಮೇಲೆ ಬರುತ್ತದೆ. ಆದ್ದರಿಂದ ನಾನು ಬೆಳಕು, ನಡು, ನೆರಳು ಈ ಮೂರಕ್ಕೂ ಸ್ವಲ್ಪ ಬೇರೆ ಬೇರೆ ಬಣ್ಣ ಕೊಡುತ್ತೇನೆ. ಗ್ರೇಡಿಯಂಟ್ ಮ್ಯಾಪ್‌ಗೆ ಮೂರು ಬಣ್ಣ ಕೊಟ್ಟು ಕಲರ್ ಮೋಡ್‌ನಲ್ಲಿ ಇಟ್ಟರೆ ಇದು ಬೇಗ ಆಗುತ್ತದೆ.

ಬಿಳಿ ಶರ್ಟ್‌ಗೆ ಹ್ಯೂ ಬದಲಿಸಿದರೆ ಏನೂ ಆಗೋದೇ ಇಲ್ಲ!

ಬಿಳಿ, ಬೂದು, ಕಪ್ಪುಗಳಲ್ಲಿ ತಿರುಗಿಸಲು ಬಣ್ಣವೇ ಇಲ್ಲ. ಬಿಳಿ ಅಂಗಿಯ ಮೇಲೆ ಸಾಲಿಡ್ ಕಲರ್ ಲೇಯರ್ ಹಾಕಿ ಮಲ್ಟಿಪ್ಲೈ ಮಾಡಿ. ಮಲ್ಟಿಪ್ಲೈ ಅಂದರೆ ಗುಣಾಕಾರ: ಪೂರ್ತಿ ಬಿಳಿಯಿದ್ದಲ್ಲಿ ನೀವು ಕೊಟ್ಟ ಬಣ್ಣ ಹಾಗೇ ಬರುತ್ತದೆ, ಬೂದಿದ್ದಲ್ಲಿ ಅದು ಅಷ್ಟೇ ಪಾಲು ಕಪ್ಪಾಗುತ್ತದೆ. ಅಂಗಿಯ ನೆರಳುಗಳೇ ಹೊಸ ಬಣ್ಣದ ನೆರಳುಗಳಾಗುತ್ತವೆ.

ಬಿಳಿಯದನ್ನು ಕಪ್ಪು ಮಾಡಿದರೆ ಬೂದಿ ಬಣ್ಣ, ಕಪ್ಪನ್ನು ಬಿಳಿ ಮಾಡಿದರೆ ಬರೀ ಕಾಳು ಕಾಳು. ಇದಕ್ಕೆ ದಾರಿ ಇದೆಯಾ?

ಇದು ಈ ಕೆಲಸದ ಅತಿ ಕಷ್ಟದ ಭಾಗ, ಮತ್ತು ನನಗೆ ತುಂಬ ಇಷ್ಟದ ಭಾಗ. ಬಿಳಿ ಬಟ್ಟೆಯ ಆಕಾರ ನಮಗೆ ತಿಳಿಯುವುದು ನೆರಳಿನಿಂದ. ಕಪ್ಪು ಬಟ್ಟೆಯ ಆಕಾರ ತಿಳಿಯುವುದು ಹೊಳಪಿನಿಂದ. ಕಪ್ಪು ಬಣ್ಣ ಒಳಗೆ ಹೋದ ಬೆಳಕನ್ನು ನುಂಗಿಬಿಡುತ್ತದೆ. ಆದರೆ ಮೇಲ್ಮೈಯಿಂದ ಜಾರಿ ಬರುವ ಬೆಳಕನ್ನು ನುಂಗಲಾರದು. ಹಾಗಾಗಿ ಮಡಿಕೆಯ ಏಣುಗಳಲ್ಲಿ ಸಣ್ಣ ಹೊಳಪಿನ ಗೆರೆ, ಉಳಿದೆಡೆ ಹೆಚ್ಚುಕಮ್ಮಿ ಸಮನಾದ ಕತ್ತಲೆ.

ಬಿಳಿಯಿಂದ ಕಪ್ಪಿಗೆ ಹೋಗುವಾಗ ಎರಡು ಹಂತ. ಕರ್ವ್ಸ್‌ನಲ್ಲಿ ಇಡೀ ಅಂಗಿಯನ್ನು ಕೆಳಗಿಳಿಸಿ. ಆಮೇಲೆ ಮೂಲ ಅಂಗಿಯ ಪ್ರತಿಯೊಂದನ್ನು ಮೇಲಿಟ್ಟು, ಲೆವೆಲ್ಸ್‌ನಲ್ಲಿ ತೀರಾ ಬೆಳಕಿನ ಏಣುಗಳಷ್ಟೇ ಉಳಿಯುವಂತೆ ಬಿಗಿಮಾಡಿ, ಸ್ಕ್ರೀನ್ ಮೋಡ್‌ನಲ್ಲಿ ತೆಳುವಾಗಿ ಬೆರೆಸಿ. ಅಂಗಿಯ ಕತ್ತಲೆ 0ಕ್ಕೆ ಇಳಿಯದಿರಲಿ. 0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ ಎನ್ನುವ ಅಳತೆಯಲ್ಲಿ ನನ್ನ ಕಪ್ಪು ಅಂಗಿಗಳ ಬಹುಭಾಗ 20ರಿಂದ 50ರ ನಡುವೆ ಇರುತ್ತದೆ.

ಕಪ್ಪಿನಿಂದ ಬಿಳಿಗೆ ಹೋಗುವಾಗ ತೊಡಕು ಲೆಕ್ಕದ್ದು. ಜೆಪೆಗ್‌ನ ಒಂದು ಚಾನೆಲ್‌ನಲ್ಲಿ (ಕೆಂಪು, ಹಸಿರು, ನೀಲಿಗಳಲ್ಲಿ ಯಾವುದಾದರೂ ಒಂದರಲ್ಲಿ) ಇರುವುದೇ 256 ಹಂತ. ಕಪ್ಪು ಅಂಗಿ 5ರಿಂದ 30ರೊಳಗೆ ಮುದುಡಿಕೊಂಡಿದ್ದರೆ ಇಡೀ ಬಟ್ಟೆಯ ಕತೆ ಹೇಳಲು ಸಿಗುವುದು 26 ಹಂತ. ಅವನ್ನೇ ಹಿಗ್ಗಿಸಿದರೆ ನಡುವೆ ಬಿರುಕು, ಕಾಳು. 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಹಂತಗಳಿರುವುದರಿಂದ ಸ್ವಲ್ಪ ಉಸಿರಾಡಬಹುದು. ಜೆಪೆಗ್ ಮಾತ್ರ ಇದ್ದರೆ ಆ ಅಂಗಿಯನ್ನು ತಿದ್ದುವುದಕ್ಕಿಂತ ಅದೇ ಭಂಗಿಯ, ಅದೇ ಬೆಳಕಿನ ಬಿಳಿ ಅಂಗಿಯ ಫೋಟೊ ತೆಗೆದು ಕೂರಿಸುವುದೇ ಬೇಗ ಮುಗಿಯುವ ದಾರಿ.

ಬಟ್ಟೆ ಬಣ್ಣ ಸರಿಯಾಗಿ ಬಂತು, ಆದರೆ ಈಗ ಮುಖ ಏನೋ ಸರಿ ಇಲ್ಲ ಅನ್ನಿಸ್ತಿದೆ.

ಹಳೆಯ ಬಟ್ಟೆಯ ಬಣ್ಣ ಇನ್ನೂ ಮುಖದ ಮೇಲಿದೆ. ಕೆಂಪು ಅಂಗಿ ತೊಟ್ಟವರ ಗಲ್ಲದ ಕೆಳಭಾಗ, ದವಡೆ, ಕೈಯ ಒಳಬದಿ ನೋಡಿ: ಅಂಗಿಯಿಂದ ಪುಟಿದ ಕೆಂಪು ಅಲ್ಲೆಲ್ಲ ಹರಡಿರುತ್ತದೆ. ಅಂಗಿಯನ್ನು ಹಸಿರು ಮಾಡಿದ ಮೇಲೆ ಈ ಕೆಂಪಿಗೆ ಅಪ್ಪ ಅಮ್ಮ ಇಲ್ಲ. ಕರ್ವ್ಸ್‌ನ ಕೆಂಪು ಚಾನೆಲ್ ತುಸು ಇಳಿಸಿ, ಮಾಸ್ಕ್ ಹಾಕಿ ಆ ಜಾಗಗಳಿಗಷ್ಟೇ ಹಚ್ಚಿ. ಆಮೇಲೆ ಮೃದು ಬ್ರಷ್‌ನಿಂದ ಹೊಸ ಬಟ್ಟೆಯ ಬಣ್ಣವನ್ನು ಸಾಫ್ಟ್ ಲೈಟ್ ಮೋಡ್‌ನಲ್ಲಿ ತೀರಾ ತೆಳುವಾಗಿ ಸವರಿ. ಲೇಯರ್ ಆಫ್ ಮಾಡಿದಾಗ ಮಾತ್ರ ಅದು ಇತ್ತು ಎಂದು ಗೊತ್ತಾಗಬೇಕು, ಅಷ್ಟು ತೆಳು. ಬಿಳಿ ಬಟ್ಟೆ ಕಪ್ಪಾದರೆ ಗಲ್ಲದ ಕೆಳಗಿನ ಬೆಳಕೂ ಕಡಿಮೆಯಾಗಬೇಕು. ಬಿಳಿ ಅಂಗಿ ಕೆಳಗಿನಿಂದ ಬೆಳಕು ಎರಚುವ ಹಲಗೆಯಂತೆ ಕೆಲಸ ಮಾಡುತ್ತಿತ್ತು.

## ಪ್ರಿಂಟ್, ಪಟ್ಟೆ, ಕಸೂತಿ

ಟೀ ಶರ್ಟ್ ಮೇಲೆ ಲೋಗೊ ಹಾಕಿದರೆ ಸ್ಟಿಕರ್ ಅಂಟಿಸಿದ ಹಾಗಿದೆ. ಡಿಸ್‌ಪ್ಲೇಸ್ ಮ್ಯಾಪ್ ಅಂತಾರಲ್ಲ, ಅದೇನು?

ಬಟ್ಟೆಯ ಏರಿಳಿತಕ್ಕೆ ತಕ್ಕಂತೆ ಲೋಗೊವನ್ನು ಅಲುಗಿಸುವ ನಕ್ಷೆ ಅದು. ಅಂಗಿಯ ಕಪ್ಪು ಬಿಳುಪು ಪ್ರತಿಯೊಂದನ್ನು ಮಾಡಿ, ನೇಯ್ಗೆಯ ಸಣ್ಣ ವಿವರ ಅಳಿಸುವಷ್ಟು ಗಾಸಿಯನ್ ಬ್ಲರ್ ಕೊಟ್ಟು, ಪಿಎಸ್‌ಡಿ ಫೈಲ್ ಆಗಿ ಉಳಿಸಿ. ಬ್ಲರ್ ಮರೆತರೆ ಲೋಗೊ ಅಂಚು ಗರಗಸದಂತಾಗುತ್ತದೆ. ಆಮೇಲೆ ಲೋಗೊ ಲೇಯರ್ ಮೇಲೆ ಫಿಲ್ಟರ್ ಮೆನುವಿನ ಡಿಸ್ಟಾರ್ಟ್ ಒಳಗಿರುವ ಡಿಸ್‌ಪ್ಲೇಸ್ ಹಾಕಿ ಆ ಫೈಲ್ ತೋರಿಸಿ. ನಕ್ಷೆಯಲ್ಲಿ ನಡುಬೂದು, ಅಂದರೆ 128 ಇದ್ದಲ್ಲಿ ಚಿತ್ರ ಅಲುಗುವುದಿಲ್ಲ. ಅದಕ್ಕಿಂತ ಕಪ್ಪಾದದ್ದು ಒಂದು ಕಡೆಗೆ, ಬೆಳ್ಳಗಿನದು ಎದುರು ಕಡೆಗೆ ಎಳೆಯುತ್ತದೆ. ಲೋಗೊವನ್ನು ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರ ಕೆಡದಂತೆ ಕಾಪಾಡುವ ಲೇಯರ್) ಮಾಡಿಕೊಂಡಿದ್ದರೆ ಅಳತೆಯನ್ನು ಆಮೇಲೂ ತಿದ್ದಬಹುದು.

ಡಿಸ್‌ಪ್ಲೇಸ್‌ಗೆ ಒಂದು ಮಿತಿ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅದು ಲೋಗೊವನ್ನು ಅಲುಗಿಸುತ್ತದೆ, ಬಚ್ಚಿಡುವುದಿಲ್ಲ. ಆಳವಾದ ಮಡಿಕೆಯಲ್ಲಿ ಬಟ್ಟೆಯ ಒಂದು ಪಟ್ಟಿ ಒಳಗೆ ಹೋಗಿ ಮರೆಯಾಗಿರುತ್ತದೆ. ಅದರ ಮೇಲಿನ ಅಕ್ಷರದ ತುಂಡೂ ಅದರೊಂದಿಗೆ ಮರೆಯಾಗಬೇಕು. ಅಂಥ ಕಡೆ ಲೋಗೊವನ್ನು ಮಡಿಕೆಯ ಗೆರೆಗೆ ಸರಿಯಾಗಿ ಎರಡು ತುಂಡು ಮಾಡಿ, ಒಂದನ್ನು ಇನ್ನೊಂದರತ್ತ ಸರಿಸಿ, ನಡುವಿನ ಭಾಗವನ್ನು ಮಾಸ್ಕ್‌ನಿಂದ ನುಂಗಿಸಿ. ಅಕ್ಷರ ಅರ್ಧ ಕಾಣದೆ ಹೋದರೆ ಹೋಗಲಿ. ಗಿರಾಕಿ ಒಪ್ಪದಿದ್ದರೆ ಮಡಿಕೆಯನ್ನೇ ತೆಗೆಯುವುದು ವಾಸಿ.

ಕೊನೆಗೆ ಲೋಗೊದ ಲೇಯರ್ ಸ್ಟೈಲ್‌ನಲ್ಲಿ ಬ್ಲೆಂಡ್ ಇಫ್ ತೆರೆದು, ಕೆಳಗಿನ ಲೇಯರ್‌ನ ಕಪ್ಪು ಗುರುತನ್ನು ಆಲ್ಟ್ ಕೀ ಒತ್ತಿಕೊಂಡು ಎಳೆಯಿರಿ. ಗುರುತು ಎರಡಾಗಿ ಸೀಳಿ, ಮಡಿಕೆಯ ನೆರಳು ಲೋಗೊದ ಮೂಲಕ ಮೆಲ್ಲಗೆ ಮೇಲೆ ಬರುತ್ತದೆ.

ಚೆಕ್ಸ್ ಬಟ್ಟೆ ಹಾಕಿದಾಗ ವಾಲ್‌ಪೇಪರ್ ಹಾಗೆ ಕಾಣುತ್ತೆ.

ಅಂಗಿ ಒಂದೇ ತುಂಡು ಬಟ್ಟೆಯಲ್ಲ ಎನ್ನುವುದನ್ನು ಮರೆತಾಗ ಹೀಗಾಗುತ್ತದೆ. ಮುಂಭಾಗದ ಎರಡು ತುಂಡು, ತೋಳು, ಕಾಲರ್, ಜೇಬು, ಗುಂಡಿಪಟ್ಟಿ ಎಲ್ಲ ಬೇರೆ ಬೇರೆ ಕತ್ತರಿಸಿ ಹೊಲಿದವು. ತೋಳಿನ ಪಟ್ಟೆ ತೋಳು ವಾಲಿದ ಕಡೆಗೆ ವಾಲಬೇಕು, ಭುಜದ ಹೊಲಿಗೆಯಲ್ಲಿ ಗೆರೆ ಮುರಿಯಬೇಕು. ನಾನು ಪ್ರತಿ ತುಂಡಿಗೂ ಬೇರೆ ಲೇಯರ್ ಇಟ್ಟು, ಬೇರೆ ಬೇರೆಯಾಗಿ ವಾರ್ಪ್ ಮಾಡುತ್ತೇನೆ, ಅಂದರೆ ಬಾಗಿಸುತ್ತೇನೆ. ಹೊಲಿಗೆಯ ಮೇಲೆ ಸಣ್ಣ ಕಪ್ಪು ಗೆರೆ, ಅದರ ಪಕ್ಕ ಒಂದು ಪಿಕ್ಸೆಲ್ ಬೆಳಕು. ಟೈಲರ್ ಒಬ್ಬರ ಪಕ್ಕ ಒಂದು ಮಧ್ಯಾಹ್ನ ಕೂತು ಅಂಗಿ ಹೇಗೆ ಕತ್ತರಿಸುತ್ತಾರೆ ನೋಡಿ. ಯಾವ ವಿಡಿಯೊ ಪಾಠದಿಂದಲೂ ಸಿಗದಷ್ಟು ಅಲ್ಲಿ ಸಿಗುತ್ತದೆ.

ಸಣ್ಣ ಪಟ್ಟೆಗಳಿಗೆ ಇನ್ನೊಂದು ಕಾಟ: ಚಿತ್ರ ಕುಗ್ಗಿಸಿದಾಗ ಪಟ್ಟೆಯ ಅಳತೆ ಪಿಕ್ಸೆಲ್‌ನ ಅಳತೆಗೆ ಹತ್ತಿರ ಬಂದು ಅಲೆ ಅಲೆಯಾದ ಮೊಯ್ರೆ ಏಳುತ್ತದೆ. ಕುಗ್ಗಿಸುವ ಮೊದಲು ಆ ಬಟ್ಟೆಗಷ್ಟೇ ಸ್ವಲ್ಪ ಬ್ಲರ್ ಕೊಡಿ.

ಕಸೂತಿ ಕೆಲಸ ತೋರಿಸೋದು ಹೇಗೆ?

ಪ್ರಿಂಟ್ ಬಟ್ಟೆಯ ಒಳಗೆ ಇಳಿದಿರುತ್ತದೆ, ಕಸೂತಿ ಬಟ್ಟೆಯ ಮೇಲೆ ಎದ್ದಿರುತ್ತದೆ. ಹಾಗಾಗಿ ಬೆಳಕಿನ ಎದುರು ಬದಿಗೆ ಒಂದೆರಡು ಪಿಕ್ಸೆಲ್‌ನ ಗಟ್ಟಿ ನೆರಳು ಬೇಕು. ಹೊಲಿಗೆ ಹೋದ ದಿಕ್ಕಿಗೆ ದಾರದ ಹೊಳಪು ಬದಲಾಗುತ್ತದೆ. ಒಂದೇ ಹಸಿರು ದಾರದ ಎಲೆಯ ಎರಡು ಮಗ್ಗುಲು ಎರಡು ಹಸಿರಾಗಿ ಕಾಣುವುದು ಇದರಿಂದಲೇ. ದಾರ ಬಿಗಿದ ಕಡೆ ಸುತ್ತಲಿನ ಬಟ್ಟೆ ತುಸು ಸುಕ್ಕಾಗಿರಲಿ.

## ಹೊಸ ಬಟ್ಟೆ ತೊಡಿಸುವಾಗ

ಬೇರೆ ಫೋಟೊದ ಕೋಟ್ ತಂದು ಹಾಕಿದೆ. ಕತ್ತಿನ ಹತ್ತಿರ ಕೂರೋದೇ ಇಲ್ಲ.

ಎರಡು ಕಾರಣ. ಮೊದಲನೆಯದು ಕ್ಯಾಮೆರಾದ ಎತ್ತರ. ಕತ್ತಿನ ಸುತ್ತಿನ ಕಾಲರ್ ಒಂದು ಬಳೆ ಇದ್ದಂತೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದ್ದರೆ ಬಳೆಯನ್ನು ಮೇಲಿಂದ ನೋಡಿದ ಹಾಗೆ ಮುಂದಿನ ಅಂಚು ಕೆಳಗೆ ಬಾಗುತ್ತದೆ, ಹಿಂದಿನ ಒಳಬದಿ ಕಾಣುತ್ತದೆ. ಕ್ಯಾಮೆರಾ ಕಾಲರಿನ ಮಟ್ಟಕ್ಕಿಳಿದರೆ ಬಳೆ ಒಂದು ಗೆರೆಯಾಗುತ್ತದೆ. ಇವೆರಡನ್ನು ಬೆರೆಸಿದರೆ ಯಾವ ವಾರ್ಪ್ ಮಾಡಿದರೂ ಕೂರದು. ಕೋಟಿನ ಬೇರೆ ಫೋಟೊ ಹುಡುಕಿ.

ಎರಡನೆಯದು, ಕಾಲರನ್ನು ಒಂದೇ ತುಂಡಾಗಿ ಇಡುವುದು. ಹಿಂದಿನ ಕಾಲರ್ ಕತ್ತಿನ ಹಿಂದಿನ ಲೇಯರ್‌ಗೆ ಹೋಗಬೇಕು, ಮುಂದಿನದು ಕತ್ತಿನ ಮುಂದೆ ಬರಬೇಕು. ನಡುವೆ ಕತ್ತು.

ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಕಂಡುಹಿಡಿಯೋದು ಹೇಗೆ?

ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ, ಬೆಳಕು ಅದರ ಎದುರಿನಿಂದ. ಕಣ್ಣಿನ ಪಾಪೆಯಲ್ಲಿ ಹೊಳೆಯುವ ಚುಕ್ಕೆ ದೀಪದ ಜಾಗವನ್ನೇ ತೋರಿಸುತ್ತದೆ: ಮೇಲಿದ್ದರೆ ದೀಪ ಮೇಲಿತ್ತು, ಎರಡಿದ್ದರೆ ದೀಪವೂ ಎರಡು. ನೆರಳಿನ ಅಂಚು ಚೂಪಾಗಿದ್ದರೆ ಬೆಳಕಿನ ಮೂಲ ಚಿಕ್ಕದು, ಮೆತ್ತಗಿದ್ದರೆ ದೊಡ್ಡದು.

ದಿಕ್ಕು ಹೊಂದಲಿಲ್ಲವೆಂದು ಕೋಟನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡಕ್ಕೆ ತಿರುಗಿಸಿಬಿಡುವವರು ಬಹಳ. ಆಗ ಎಡ ಎದೆಯ ಜೇಬು ಬಲಕ್ಕೆ ಹೋಗುತ್ತದೆ, ಗುಂಡಿಪಟ್ಟಿಯ ಮೇಲು ಕೆಳಗು ಅದಲುಬದಲಾಗುತ್ತದೆ. ತಿರುಗಿಸುವುದಾದರೆ ಇವೆರಡನ್ನೂ ಮರಳಿ ಸರಿಮಾಡಿ.

ಮಡಿಕೆಗಳನ್ನು ನಾನೇ ಬರೆಯಬೇಕು ಅಂದ್ರೆ ಎಲ್ಲಿ ಬರೀಲಿ?

ಬಟ್ಟೆ ಎಲ್ಲಿ ಎಳೆತಕ್ಕೆ ಸಿಕ್ಕಿದೆಯೋ ಅಲ್ಲಿಂದ ಮಡಿಕೆ ಹುಟ್ಟುತ್ತದೆ. ಕೈ ಎತ್ತಿದರೆ ಕಂಕುಳಿನಿಂದ ಭುಜದ ಕಡೆಗೆ, ಮೊಣಕೈ ಮಡಚಿದರೆ ಒಳಬದಿಯಿಂದ ಬೀಸಣಿಗೆಯಂತೆ, ಗುಂಡಿ ಬಿಗಿಯಾಗಿದ್ದರೆ ಗುಂಡಿಯಿಂದ ಎರಡೂ ಪಕ್ಕಕ್ಕೆ. ಎಳೆಯುವ ಬಿಂದು ಇಲ್ಲದೆ ನಡು ಎದೆಯಲ್ಲಿ ತೇಲುವ ಮಡಿಕೆ ಬರೆದರೆ ಅದು ಕೊಳೆಯಂತೆ ಕಾಣುತ್ತದೆ.

ಬರೆಯಲು ಶೇಕಡಾ 50ರ ಬೂದು ತುಂಬಿದ ಲೇಯರ್ ಹಾಕಿ, ಸಾಫ್ಟ್ ಲೈಟ್ ಮೋಡ್‌ನಲ್ಲಿ ಡಾಡ್ಜ್ (ಬೆಳ್ಳಗಾಗಿಸುವುದು), ಬರ್ನ್ (ಕಪ್ಪಾಗಿಸುವುದು) ಮಾಡಿ. ಮಡಿಕೆಯ ಒಂದು ಬದಿ ಥಟ್ಟನೆ ಕಪ್ಪಾಗಲಿ, ಇನ್ನೊಂದು ಬದಿ ನಿಧಾನಕ್ಕೆ ಕರಗಲಿ. ಎರಡೂ ಬದಿ ಸಮನಾಗಿ ಕರಗಿದರೆ ಅದು ಬಟ್ಟೆಯಲ್ಲ, ಕೊಳವೆ.

ರೇಷ್ಮೆ, ಮಖಮಲ್ಲು, ಉಣ್ಣೆ ಎಲ್ಲಾ ಒಂದೇ ಥರ ಕಾಣ್ತಿವೆ.

ಬೆಳಕು ಎಲ್ಲಿ ಕೂರುತ್ತದೆ ಎನ್ನುವುದರಲ್ಲೇ ವ್ಯತ್ಯಾಸ. ಹತ್ತಿಬಟ್ಟೆ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ. ಹೊಳಪಿಲ್ಲ, ಏರಿಳಿತ ಸೌಮ್ಯ. ರೇಷ್ಮೆಯಲ್ಲಿ ಹೊಳಪು ಮಡಿಕೆಯ ಉದ್ದಕ್ಕೂ ಹರಿಯುತ್ತದೆ, ಪಕ್ಕದಲ್ಲೇ ಕತ್ತಲೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು ಬಣ್ಣವಾಗಿದ್ದರೆ ಮಡಿಕೆಯ ಎರಡು ಇಳಿಜಾರು ಎರಡು ಬಣ್ಣ ತೋರುತ್ತವೆ. ಮಖಮಲ್ಲು ತಲೆಕೆಳಗು: ನಮ್ಮ ಕಡೆ ಮುಖ ಮಾಡಿದ ಭಾಗ ಕಪ್ಪು, ಓರೆಯಾಗಿ ತಿರುಗಿದ ಅಂಚು ಬೆಳಕು. ನೆಟ್ಟಗೆ ನಿಂತ ಎಳೆಗಳ ಪಕ್ಕೆಗೆ ಬೆಳಕು ತಾಗುವುದು ಅಂಚಿನಲ್ಲಿಯೇ. ಉಣ್ಣೆಯ ಅಂಚು ಎಂದೂ ಚೂಪಲ್ಲ. ಮಾಸ್ಕ್ ಅಂಚಿನಲ್ಲಿ ಸಣ್ಣ ಸಣ್ಣ ಎಳೆ ಬಿಡಿಸಿ.

ಸುಕ್ಕು ಎಷ್ಟು ತೆಗೀಬೇಕು?

ಮೈ ಮಾಡಿದ ಮಡಿಕೆ ಇರಲಿ, ಪೆಟ್ಟಿಗೆ ಮಾಡಿದ ಸುಕ್ಕು ಹೋಗಲಿ. ಹೀಲಿಂಗ್ ಬ್ರಷ್ ಸಾಲದ ಕಡೆ ಫ್ರೀಕ್ವೆನ್ಸಿ ಸೆಪರೇಶನ್ (ನೇಯ್ಗೆಯ ವಿವರವನ್ನೂ ನೆರಳು ಬಣ್ಣವನ್ನೂ ಎರಡು ಲೇಯರ್‌ಗಳಾಗಿ ಬೇರ್ಪಡಿಸುವುದು) ಮಾಡಿ ಕೆಳಗಿನ ಮಸುಕು ಲೇಯರ್‌ನಲ್ಲಿ ಮಾತ್ರ ಸುಕ್ಕಿನ ನೆರಳು ತಿದ್ದಿ. ನೇಯ್ಗೆ ಮೇಲಿನ ಲೇಯರ್‌ನಲ್ಲಿ ಸುರಕ್ಷಿತ.

## ಕೊನೆಯ ಹದ

ಸ್ಕ್ರೀನ್‌ನಲ್ಲಿ ಚೆನ್ನಾಗಿತ್ತು, ಝೂಮ್ ಮಾಡಿದ ತಕ್ಷಣ ಸಿಕ್ಕಿಬೀಳುತ್ತೆ.

ಮುಖದಲ್ಲಿ ಕ್ಯಾಮೆರಾದ ನಾಯ್ಸ್, ಅಂದರೆ ಸಣ್ಣ ಕಾಳು ಇದೆ, ನಿಮ್ಮ ಬಟ್ಟೆಯಲ್ಲಿ ಇಲ್ಲ. ಚಾನೆಲ್ಸ್ ತೆರೆದು ನೀಲಿ ಚಾನೆಲ್ ಒಂದನ್ನೇ ನೋಡಿ. ಸಾಮಾನ್ಯವಾಗಿ ಕಾಳು ಹೆಚ್ಚಿರುವುದು ಅಲ್ಲೇ, ವ್ಯತ್ಯಾಸ ಎದ್ದು ಕಾಣುತ್ತದೆ. ಬೂದು ತುಂಬಿದ ಓವರ್‌ಲೇ ಲೇಯರ್‌ಗೆ ನಾಯ್ಸ್ ಸೇರಿಸಿ, ಕಾಳಿನ ಗಾತ್ರ ಹೊಂದುವಂತೆ ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಕೊಡಿ. ಬ್ಲರ್ ಕೊಡದ ನಾಯ್ಸ್ ಮರಳು ಚೆಲ್ಲಿದಂತಿರುತ್ತದೆ.

ಈಗ ಎಐ ಒಂದೇ ಕ್ಲಿಕ್‌ನಲ್ಲಿ ಮಾಡುತ್ತಲ್ಲ, ಇದೆಲ್ಲ ಯಾಕೆ ಕಲೀಬೇಕು?

ನಾನೂ ಬಳಸುತ್ತೇನೆ. ಫೋಟೊಶಾಪ್‌ಗೆ 2023ರಲ್ಲಿ ಜನರೇಟಿವ್ ಫಿಲ್ ಬಂದಾಗ ಅದು ಒಂದು ಸಲಕ್ಕೆ ಕೊಡುತ್ತಿದ್ದದ್ದು ಸುಮಾರು 1024 ಪಿಕ್ಸೆಲ್ ಅಗಲದ ತುಂಡು. ದೊಡ್ಡ ಜಾಗಕ್ಕೆ ಅದನ್ನೇ ಹಿಗ್ಗಿಸುತ್ತಿದ್ದುದರಿಂದ ಮಸುಕು. ಅಳತೆ ಸುಧಾರಿಸಿದರೂ ಇನ್ನೂ ಗಮನಿಸಬೇಕಾದವು ಇವೆ: ಗುಂಡಿಯ ಎದುರು ಕಾಜಾ ಇಲ್ಲ, ಹೊಲಿಗೆ ಎಲ್ಲೋ ಹೊರಟು ಎಲ್ಲೂ ಮುಟ್ಟುವುದಿಲ್ಲ, ಪಟ್ಟೆಗಳು ನಡುವೆ ಕರಗಿ ಸೇರಿಕೊಳ್ಳುತ್ತವೆ. ಅವನ್ನು ಗುರುತಿಸುವುದಕ್ಕೂ ತಿದ್ದುವುದಕ್ಕೂ ಮೇಲೆ ಹೇಳಿದ್ದೆಲ್ಲ ಬೇಕು.

ಪಾಸ್‌ಪೋರ್ಟ್ ಫೋಟೊಗೆ ಕೋಟ್ ಹಾಕಿಕೊಡಿ ಅಂತಾರೆ. ಹಾಕಬಹುದಾ?

ಬೇಡ. ಗುರುತಿನ ದಾಖಲೆಗಳ ನಿಯಮಗಳಲ್ಲಿ ತಿದ್ದಿದ ಫೋಟೊಗೆ ಸಾಮಾನ್ಯವಾಗಿ ಅವಕಾಶವಿಲ್ಲ, ಅರ್ಜಿ ತಿರಸ್ಕೃತವಾದರೆ ನಷ್ಟ ಅವರದು. ಬೇರೊಬ್ಬರ ಫೋಟೊದಲ್ಲಿ ಅವರಿಗೆ ತಿಳಿಯದಂತೆ ಬಟ್ಟೆ ಬದಲಿಸಿ ಕೊಡಿ, ಇಲ್ಲವೇ ತೆಗೆದು ಕೊಡಿ ಎಂದು ಕೇಳುವವರೂ ಇದ್ದಾರೆ. ಆ ಕೆಲಸವನ್ನು ನಾನು ಮಾಡುವುದಿಲ್ಲ, ಕಲಿಸುವುದೂ ಇಲ್ಲ. ಅದು ಆ ಮನುಷ್ಯರ ಮೇಲೆ ಮಾಡುವ ಹಿಂಸೆ.

ಕೆಲಸ ಮುಗೀತು ಅಂತ ನನಗೆ ಹೇಗೆ ಗೊತ್ತಾಗಬೇಕು? ನೋಡೀ ನೋಡೀ ಕಣ್ಣೇ ಸೋತಿದೆ.

ಚಿತ್ರವನ್ನು ಅಡ್ಡಕ್ಕೆ ತಿರುಗಿಸಿ ನೋಡಿ. ಸೊಟ್ಟಗಿದ್ದ ಭುಜ ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಶೇಕಡಾ 25ಕ್ಕೆ ಕುಗ್ಗಿಸಿ ಬೆಳಕು ನೋಡಿ, ಶೇಕಡಾ 100ಕ್ಕೆ ಹಿಗ್ಗಿಸಿ ಅಂಚು ನೋಡಿ. ಎಲ್ಲದರ ಮೇಲೆ ಕಪ್ಪು ಬಿಳುಪು ಲೇಯರ್ ಹಾಕಿದರೆ ಬಣ್ಣದ ಹಿಂದೆ ಅಡಗಿದ್ದ ಬೆಳಕಿನ ತಪ್ಪು ಹೊರಬೀಳುತ್ತದೆ. ಆಮೇಲೆ ಮುಚ್ಚಿಟ್ಟು ಮಲಗಿ. ಬೆಳಗ್ಗೆ ತೆರೆದ ಮೊದಲ ಗಳಿಗೆಯಲ್ಲಿ ಕಣ್ಣು ಎಲ್ಲಿಗೆ ಹೋಯಿತೋ ಅಲ್ಲಿ ಕೆಲಸ ಬಾಕಿ ಇದೆ.

ಒಂದೇ ಅಂಗಿಯ ಆರು ಬಣ್ಣ ಕೇಳಿದ್ದಾರೆ, ನಿಜವಾದ ಬಟ್ಟೆಗೆ ಹೊಂದಲೇಬೇಕಂತೆ.

ಹಾಗಾದರೆ ಕಣ್ಣನ್ನು ನಂಬಬೇಡಿ, ಅಳೆಯಿರಿ. ಆರು ಬಣ್ಣದ ಬಟ್ಟೆ ತುಂಡುಗಳನ್ನೂ ಮೊದಲ ಅಂಗಿ ತೆಗೆದ ಅದೇ ದೀಪದಡಿ, ಕಲರ್‌ಚೆಕರ್ (ಅಳತೆ ಗೊತ್ತಿರುವ ಬಣ್ಣದ ಚೌಕಗಳಿರುವ) ಹಲಗೆಯ ಜೊತೆ ಫೋಟೊ ತೆಗೆಸಿಕೊಳ್ಳಿ. ಐಡ್ರಾಪರ್ ಅಳತೆಯನ್ನು 31×31ರ ಸರಾಸರಿಗೆ ಇಟ್ಟು, ಸಮನಾಗಿ ಬೆಳಕು ಬಿದ್ದ ಜಾಗದ ಲ್ಯಾಬ್ (ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಹೇಳುವ) ಅಂಕಿಗಳನ್ನು ಬರೆದುಕೊಳ್ಳಿ. ಅಂಗಿಯಲ್ಲೂ ಅಂಥದ್ದೇ ಜಾಗದಲ್ಲಿ ಕಲರ್ ಸ್ಯಾಂಪ್ಲರ್ ಗುರುತು ನೆಟ್ಟು, ಕರ್ವ್ಸ್‌ನಿಂದ ಆ ಅಂಕಿಗೆ ತನ್ನಿ. ಬಟ್ಟೆ ತುಂಡನ್ನು ಕಿಟಕಿಯ ಬಳಿ ಹಿಡಿದು ಸ್ಕ್ರೀನ್ ಜೊತೆ ಹೋಲಿಸಲು ಹೋಗಬೇಡಿ: ಒಂದು ದೀಪದಡಿ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ದೀಪದಡಿ ಬೇರೆಯಾಗುವುದು ಬಟ್ಟೆಯಲ್ಲಿ ದಿನದ ಮಾತು. ಗಿರಾಕಿಗೆ ಫೈಲ್ ಕಳಿಸುವಾಗ ಯಾವ ದೀಪದಡಿ ಅಳೆದದ್ದು ಎಂದೂ ಬರೆದು ಕಳಿಸಿ.